ಎಂಟೋ, ಹತ್ತೋ, ಹದಿನೈದೋ?

(ಮೈಸೂರಿನಲ್ಲಿ ಪಕ್ಷಿವೀಕ್ಷಕರ ಸಣ್ಣ ಬಳಗವೊಂದರ ಮುಂದೆ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಬೇಟೆಗಾರನಲ್ಲ, ಮಾಂಸ ತಿನ್ನುವವನೂ ಅಲ್ಲ. ಆದರೂ ಅಮೆರಿಕದ ಕೊಲೊರಾಡೊದಲ್ಲಿ ನೌಕರಿಯಲ್ಲಿದ್ದಾಗ ಆರು ಶರತ್ಕಾಲಗಳನ್ನು ಎಲ್ಕ್ ಬೇಟೆಯ ಬಿಡಾರಗಳಲ್ಲಿ ಕಳೆದಿದ್ದೇನೆ. ನೆರೆಮನೆಯವರಿಗೆ ಅರವತ್ತು ದಾಟಿತ್ತು. ಅವರು ಒಬ್ಬರೇ ಬೆಟ್ಟ ಹತ್ತುವುದು ಅವರ ಹೆಂಡತಿಗೆ ಇಷ್ಟವಿರಲಿಲ್ಲ. ಹೊರೆ ಹೊರಲು, ಪಕ್ಕದಲ್ಲಿ ಕೂರಲು, ಕಣ್ಣಾಡಿಸಲು ಒಬ್ಬ ಬೇಕಿತ್ತು, ನಾನು ಸಿಕ್ಕಿದೆ. ಬಂದೂಕು ಅವರದು, ದುರ್ಬೀನು ನನ್ನದು. ಈ ಸುದ್ದಿ ತಿಳಿದಾಗ ಊರಿನಲ್ಲಿದ್ದ ಅಮ್ಮ ಎರಡು ದಿನ ನನ್ನ ಫೋನ್ ಎತ್ತಲಿಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಬೇಟೆಯ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು. ಹಾಗಿದ್ದರೆ ಪಕ್ಷಿವೀಕ್ಷಕರಾದ ನಿಮ್ಮ ಮುಂದೆ ಬೇಟೆಗಾರರ ದುರ್ಬೀನಿನ ಪುರಾಣವೇಕೆ? ಕಾರಣವಿದೆ. ಹಕ್ಕಿಯ ಹೆಸರನ್ನು ತಪ್ಪಾಗಿ ಬರೆದುಕೊಂಡರೆ ನಾಳೆ ಹೊಡೆದುಹಾಕಿ ತಿದ್ದಬಹುದು. ಬೇಟೆಗಾರ ತಪ್ಪಾಗಿ ನೋಡಿದರೆ ತಿದ್ದುವುದಕ್ಕೆ ಏನೂ ಉಳಿದಿರುವುದಿಲ್ಲ. ಹಾಗಾಗಿ, ಯಾವ ಗಾಜಿನಲ್ಲಿ ಏನು ಕಾಣುತ್ತದೆ, ಏನು ಕಂಡಂತೆ ಭಾಸವಾಗುತ್ತದೆ ಎಂಬುದನ್ನು ಅವರಷ್ಟು ಕಟುವಾಗಿ ಕಲಿತವರು ಕಡಿಮೆ.

ಮೇಜಿನ ಮೇಲೆ ನಾಲ್ಕು ಇಟ್ಟಿದ್ದೇನೆ. 8×42, 10×42, 8×56, ಮತ್ತು ಆ ಕೊನೆಯ ಗಜಗಾತ್ರದ್ದು 15×56. ಮೊದಲ ಅಂಕಿ ವರ್ಧನೆ, ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರ್‌ಗಳಲ್ಲಿ. 800 ಮೀಟರ್ ಆಚೆಯ ಪ್ರಾಣಿ 8× ಗಾಜಿನಲ್ಲಿ 100 ಮೀಟರ್ ದೂರದಲ್ಲಿ ನಿಂತಷ್ಟು ದೊಡ್ಡದಾಗಿ ಕಾಣುತ್ತದೆ. ಲೆಕ್ಕ ಇಷ್ಟೇ. ಇದನ್ನು ಕೇಳಿದ ಯಾರೇ ಆದರೂ ಮುಂದಿನ ಕ್ಷಣ, ‘ಹಾಗಾದರೆ ಹನ್ನೆರಡರದ್ದೇ ಕೊಂಡರಾಯಿತಲ್ಲ’ ಎನ್ನುತ್ತಾರೆ. ನಾನೂ ಹಾಗೆಯೇ ಅಂದುಕೊಂಡು ಮೊದಲ ವರ್ಷ ಹೊಚ್ಚಹೊಸ 12×50 ಕೊರಳಿಗೆ ಹಾಕಿಕೊಂಡು ಹೊರಟೆ.

ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣ. ಬಲಿತ ಗಂಡು ಮುನ್ನೂರು ಕಿಲೋ ದಾಟುತ್ತದೆ. ಅಷ್ಟು ದೊಡ್ಡ ಪ್ರಾಣಿ ಕಾಣದೆ ಇರುತ್ತದೆಯೇ? ಇರುತ್ತದೆ. ಹತ್ತು ಸಾವಿರ ಅಡಿ ಎತ್ತರದಲ್ಲಿ ಬೆಳಗಿನ ಆರು ಗಂಟೆಯ ಚಳಿ. ಏರು ಹತ್ತಿ ಎದೆ ಡವಗುಟ್ಟುತ್ತಿದೆ. ಎದುರಿನ ಇಳಿಜಾರಿನಲ್ಲಿ ಹಳದಿಗೆ ತಿರುಗಿದ ಆಸ್ಪೆನ್ ಮರಗಳು, ಅವುಗಳ ಹಿಂದೆ ಕಪ್ಪನೆಯ ಸ್ಪ್ರೂಸ್ ಕಾಡು. ನಾನು ಹನ್ನೆರಡು ಪಟ್ಟಿನ ಗಾಜನ್ನು ಕಣ್ಣಿಗಿಟ್ಟೆ. ಇಡೀ ಬೆಟ್ಟ ತೇರಿನಂತೆ ಓಲಾಡಿತು. ನನ್ನ ಎದೆಬಡಿತ ಒಂದೊಂದೂ ಬೆಟ್ಟಕ್ಕೆ ಒದ್ದಂತೆ. ಅರ್ಧ ಗಂಟೆ ಜಾಲಾಡಿದರೂ ಏನೂ ಸಿಗಲಿಲ್ಲ. ನೆರೆಯವರು ಅಂಚು ಸವೆದ ಹಳೆಯ 8×42 ತೆಗೆದು, ಮೊಣಕೈಗಳನ್ನು ಮಂಡಿಗೆ ಊರಿ, ಎಡದಿಂದ ಬಲಕ್ಕೆ ನಿಧಾನವಾಗಿ ಸವರಿದರು. ಐದೇ ನಿಮಿಷ. ‘ಬಿದ್ದ ಮರದ ಬಲಕ್ಕೆ ಮೂರು ಹೆಣ್ಣು, ಒಂದು ಮರಿ’ ಎಂದರು. ತೋರಿಸಿದ ಮೇಲೂ ನನ್ನ ಗಾಜಿಗೆ ಅವು ಸಿಗಲು ಇನ್ನೊಂದು ನಿಮಿಷ ಹಿಡಿಯಿತು.

ಆ ಬೆಳಗ್ಗೆ ಆದ ಅವಮಾನದಲ್ಲಿ ಎರಡು ಪಾಠಗಳಿದ್ದವು. ಒಂದು, ವರ್ಧನೆ ಪ್ರಾಣಿಯನ್ನು ಮಾತ್ರ ಹಿಗ್ಗಿಸುವುದಿಲ್ಲ, ನಿಮ್ಮ ನಡುಕವನ್ನೂ ಅಷ್ಟೇ ನಿಷ್ಠೆಯಿಂದ ಹಿಗ್ಗಿಸುತ್ತದೆ. ಬರಿಗೈಯಲ್ಲಿ ಹಿಡಿದಾಗ ಹೆಚ್ಚಿನವರಿಗೆ ಹತ್ತು ಪಟ್ಟೇ ಗಡಿ. ಅದರಾಚೆ ಚಿತ್ರ ದೊಡ್ಡದಾಗುತ್ತದೆ, ವಿವರ ಹೆಚ್ಚುವುದಿಲ್ಲ. ಅಕ್ಷರಗಳನ್ನು ದೊಡ್ಡದಾಗಿ ಬರೆದ ಪುಸ್ತಕವನ್ನು ಗುಂಡಿ ಬಿದ್ದ ರಸ್ತೆಯ ಬಸ್ಸಿನಲ್ಲಿ ಓದಿದ ಹಾಗೆ. ಓಟದ ನಂತರ, ಚಳಿಯಲ್ಲಿ, ಗಾಳಿಯಲ್ಲಿ ಆ ಗಡಿ ಇನ್ನೂ ಕೆಳಗಿಳಿಯುತ್ತದೆ.

ಎರಡನೆಯದು ನೋಟದ ಅಗಲ. ಒಳ್ಳೆಯ 8×42 ಗಾಜಿನಲ್ಲಿ ಒಂದು ಕಿಲೋಮೀಟರ್ ದೂರದಲ್ಲಿ ಸುಮಾರು 130 ಮೀಟರ್ ಅಗಲದ ದೃಶ್ಯ ಕಾಣುತ್ತದೆ, 10×42ರಲ್ಲಿ ಸುಮಾರು 110. ಇಪ್ಪತ್ತು ಮೀಟರ್ ಏನು ಮಹಾ ಎನ್ನಬೇಡಿ. ದೃಶ್ಯ ದುಂಡಗಿರುವುದರಿಂದ ಹರವಿನ ಲೆಕ್ಕ ಹಾಕಿದರೆ ಎಂಟರ ಗಾಜು ಒಂದೇ ನೋಟದಲ್ಲಿ ಶೇಕಡ 40ರಷ್ಟು ಹೆಚ್ಚು ಬೆಟ್ಟ ತೋರಿಸುತ್ತದೆ. ಹುಡುಕುವವನಿಗೆ ಅದು ದೊಡ್ಡ ಆಸ್ತಿ. ಜೊತೆಗೆ ಕಡಿಮೆ ವರ್ಧನೆಯಲ್ಲಿ ಹಿಂದುಮುಂದಿನ ಆಳವೂ ಹೆಚ್ಚು ಸ್ಪಷ್ಟವಾಗಿರುತ್ತದೆ. ಎದುರಿನ ರೆಂಬೆ, ಅದರ ಹಿಂದಿನ ಪೊದೆ, ಪೊದೆಯ ಹಿಂದಿನ ಕಿವಿ, ಎಲ್ಲವೂ ತಿರುಗುಣಿ ಮುಟ್ಟದೆಯೇ ಸಿಗುತ್ತವೆ.

ಕಿವಿ ಎಂದೆ. ಬೇಟೆಗಾರರು ಇಡೀ ಪ್ರಾಣಿಯನ್ನು ಎಂದೂ ಹುಡುಕುವುದಿಲ್ಲ. ಮರಗಳೆಲ್ಲ ನೆಟ್ಟಗೆ ನಿಂತ ಕಾಡಿನಲ್ಲಿ ಒಂದು ಅಡ್ಡ ಗೆರೆಯನ್ನು ಹುಡುಕುತ್ತಾರೆ, ಅದು ಬೆನ್ನು ಇರಬಹುದು. ನೊಣ ಓಡಿಸಲು ಅಲುಗಿದ ಕಿವಿ, ಒದ್ದೆ ಮೂಗಿನ ಕಪ್ಪು, ಬಿಸಿಲಿಗೆ ಮಿಂಚಿದ ಕೊಂಬಿನ ತುದಿ. ಇದಕ್ಕೆ ಅವರ ಭಾಷೆಯಲ್ಲಿ ಗ್ಲಾಸಿಂಗ್ ಎನ್ನುತ್ತಾರೆ. ಆರು ವರ್ಷದಲ್ಲಿ ನಾನು ಕಂಡಂತೆ ಬೇಟೆಯ ನೂರು ಪಾಲಿನಲ್ಲಿ ತೊಂಬತ್ತೈದು ಪಾಲು ಹೀಗೆ ಕೂತು ನೋಡುವುದೇ. ಉಳಿದದ್ದು ನಡಿಗೆ ಮತ್ತು ಸೊಂಟನೋವು.

ಹಾಗಾದರೆ ಎಂಟೇ ಸಾಕೇ? ಇಲ್ಲಿ ಕಾನೂನು ಅಡ್ಡ ಬರುತ್ತದೆ. ಕೊಲೊರಾಡೊದ ಹೆಚ್ಚಿನ ಪ್ರದೇಶಗಳಲ್ಲಿ ಯಾವ ಗಂಡು ಎಲ್ಕನ್ನು ಬೇಕಾದರೂ ಹೊಡೆಯುವಂತಿಲ್ಲ. ಒಂದು ಕೊಂಬಿನಲ್ಲಿ ಕನಿಷ್ಠ ನಾಲ್ಕು ಕವಲು ಇರಬೇಕು, ಇಲ್ಲವೇ ಹಣೆಯ ಹತ್ತಿರದ ಮೊದಲ ಕವಲು ಕನಿಷ್ಠ ಐದು ಇಂಚು ಉದ್ದವಿರಬೇಕು. ಎಳೆಯ ಗಂಡುಗಳು ಬೆಳೆಯಲಿ ಎಂಬುದು ಉದ್ದೇಶ. ಈಗ ಲೆಕ್ಕ ನೋಡಿ. 800 ಮೀಟರ್ ದೂರದಲ್ಲಿ ಆರೋಗ್ಯವಂತ ಬರಿಗಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಅಳತೆ ಸುಮಾರು ಒಂದು ಗೇಣು. ಐದು ಇಂಚಿನ ಕವಲು ಅದರ ಅರ್ಧಕ್ಕಿಂತ ತುಸು ಹೆಚ್ಚು, ಬರಿಗಣ್ಣಿಗೆ ಅದು ಇಲ್ಲವೇ ಇಲ್ಲ. ಎಂಟರ ಗಾಜಿನಲ್ಲಿ ಒಂದು ಕಡ್ಡಿ ಇದೆ ಎಂದು ತಿಳಿಯುತ್ತದೆ. ಅದು ನಾಲ್ಕು ಇಂಚೋ ಐದೋ ಎಂದು ಹೇಳಬೇಕಾದರೆ ಹೆಚ್ಚಿನ ವರ್ಧನೆ ಬೇಕು, ಅದಕ್ಕಿಂತ ಮಿಗಿಲಾಗಿ ಅಲುಗದ ಕೈ ಬೇಕು.

ಮೂರನೆಯ ವರ್ಷದ ಒಂದು ಸಂಜೆ ಅಂಥದ್ದೇ ಗಂಡು ಎದುರಾಯಿತು. ಎಡಗೊಂಬಿನಲ್ಲಿ ಮೂರು ಕವಲು ಎಣಿಸಿದೆವು. ಬಲಗೊಂಬು ಕೊಂಬೆಯ ಮರೆ. ನೆರೆಯವರು ಎಂಟರದ್ದನ್ನು ಕೆಳಗಿಟ್ಟು, ಚೀಲದಿಂದ 10×42 ತೆಗೆದು, ಜಾಕೆಟ್ ಸುತ್ತಿ ಬಂಡೆಯ ಮೇಲಿಟ್ಟು, ಅದರ ಮೇಲೆ ಗಾಜನ್ನು ಕೂರಿಸಿ ಹೊಟ್ಟೆಯ ಮೇಲೆ ಮಲಗಿದರು. ಎಲ್ಕ್ ಮೇಯುತ್ತಾ ಮೇಯುತ್ತಾ ತಲೆ ಎತ್ತುವುದು, ಇಳಿಸುವುದು. ಸೂರ್ಯ ಮುಳುಗಿದ ಮೇಲೆ ಅರ್ಧ ಗಂಟೆಯವರೆಗೆ ಮಾತ್ರ ಅಲ್ಲಿ ಬೇಟೆಗೆ ಅವಕಾಶ. ನಲವತ್ತು ನಿಮಿಷ ಹೀಗೇ ಕಳೆದವು. ಹಣೆಯ ಕವಲು ಐದು ಇಂಚು ಇದ್ದಂತೆಯೂ ಕಂಡಿತು, ಇಲ್ಲದಂತೆಯೂ ಕಂಡಿತು. ಕೊನೆಗೆ ಎದ್ದು ಮಂಡಿಯ ಮಣ್ಣು ಕೊಡವಿಕೊಂಡು, ‘ಗೊತ್ತಾಗುತ್ತಿಲ್ಲ, ನಡೆಯಿರಿ’ ಎಂದರು. ಬಂದೂಕು ಚೀಲಕ್ಕೆ ಕಟ್ಟಿದಂತೆಯೇ ಇತ್ತು.

ನನಗೆ ಆಗ ತಿಳಿದದ್ದು ಇದು. ದುರ್ಬೀನಿನ ಮುಂದೆ ಎರಡು ಬೇರೆ ಬೇರೆ ಪ್ರಶ್ನೆಗಳಿರುತ್ತವೆ. ‘ಅಲ್ಲಿ ಏನಾದರೂ ಇದೆಯೇ?’ ಎಂಬುದೊಂದು. ‘ಇರುವುದು ಯಾವುದು?’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅಗಲ ಬೇಕು, ಎರಡನೆಯದಕ್ಕೆ ವಿವರ ಬೇಕು. ಯಾವ ವರ್ಧನೆ ಒಳ್ಳೆಯದು ಎಂದು ಕೇಳುವವರೆಲ್ಲ ಈ ಎರಡರಲ್ಲಿ ತಮ್ಮದು ಯಾವುದು ಎಂದು ಹೇಳದೆಯೇ ಕೇಳುತ್ತಾರೆ.

ನಡುವೆ ಒಂದು ಮಾತು ಸೇರಿಸಬೇಕು. ಬಂದೂಕಿನ ಮೇಲೂ ದೂರದರ್ಶಕ ಇರುತ್ತದಲ್ಲ, ಅದರಲ್ಲೇ ನೋಡಬಹುದಲ್ಲ ಎಂದು ನಾನು ಮುಗ್ಧವಾಗಿ ಕೇಳಿದ್ದೆ. ಬೈಸಿಕೊಂಡೆ. ಅದರಲ್ಲಿ ನೋಡುವುದೆಂದರೆ ನೋಡಿದ ಕಡೆಗೆಲ್ಲ ನಳಿಗೆ ತಿರುಗಿಸುವುದು. ಪೊದೆಯ ಹಿಂದೆ ಇರುವುದು ಇನ್ನೊಬ್ಬ ಬೇಟೆಗಾರನಾಗಿರಬಹುದು. ಕೊಲೊರಾಡೊದಲ್ಲಿ ರೈಫಲ್ ಬೇಟೆಯವರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಬಟ್ಟೆ, ಟೋಪಿ ಧರಿಸಲೇಬೇಕು. 2016ರಿಂದ ಗುಲಾಬಿಯೂ ನಡೆಯುತ್ತದೆ. 1949ರಲ್ಲಿ ಇಲ್ಲವೇ ಅದರ ನಂತರ ಹುಟ್ಟಿದವರು ಸುರಕ್ಷತೆಯ ಪಾಠ ಮುಗಿಸದೆ ಪರವಾನಗಿ ಪಡೆಯುವಂತಿಲ್ಲ. ದುರ್ಬೀನು ಅವರಿಗೆ ಕಣ್ಣಷ್ಟೇ ಅಲ್ಲ, ಬಂದೂಕನ್ನು ಹೆಗಲಲ್ಲೇ ಉಳಿಸುವ ಸಾಧನವೂ ಹೌದು.

ಈಗ ಆ ಗಜಗಾತ್ರದ 15×56ಕ್ಕೆ ಬರೋಣ. ಇದರ ತವರು ಅರಿಜೋನಾ. ಅಲ್ಲಿನ ಒಣಬೆಟ್ಟಗಳಲ್ಲಿ ಕೂಸ್ ಎಂಬ ಸಣ್ಣ ಜಾತಿಯ ಬಿಳಿಬಾಲದ ಜಿಂಕೆಯಿದೆ. ನಲವತ್ತೈದು ಕಿಲೋ ತೂಗಿದರೆ ದೊಡ್ಡದೆಂದು ಲೆಕ್ಕ. ಬಣ್ಣ ಬೂದಿ, ಬಂಡೆ ಬೂದಿ, ಒಣಹುಲ್ಲೂ ಬೂದಿ. ಅಲ್ಲಿನವರು ಅದನ್ನು ಬೂದು ಭೂತ ಎಂದೇ ಕರೆಯುತ್ತಾರೆ. ಕಣಿವೆ ದಾಟಿ ಒಂದು, ಒಂದೂವರೆ ಕಿಲೋಮೀಟರ್ ಆಚೆಯ ಇಳಿಜಾರನ್ನು ಶೋಧಿಸಬೇಕು. ಅಲ್ಲಿ ಎಂಟರ ಗಾಜಿನಲ್ಲಿ ಜಿಂಕೆ ಮತ್ತು ಕಲ್ಲಿಗೆ ವ್ಯತ್ಯಾಸ ಸಿಗುವುದಿಲ್ಲ. ಅದಕ್ಕೆ ಅವರು ಹದಿನೈದು ಪಟ್ಟಿನ ಗಾಜನ್ನು ಮುಕ್ಕಾಲಿಗೆ ಬಿಗಿದು, ಹಿಂದೆ ಮಡಿಸುವ ಕುರ್ಚಿ ಹಾಕಿಕೊಂಡು, ಗಂಟೆಗಟ್ಟಲೆ ಕೂರುತ್ತಾರೆ. ಬೆಟ್ಟವನ್ನು ಬತ್ತದ ಗದ್ದೆಯ ಮಡಿಗಳಂತೆ ಭಾಗ ಮಾಡಿ ಒಂದೊಂದನ್ನೇ ನೋಡಿ ಮುಗಿಸುತ್ತಾರೆ. ಮುಕ್ಕಾಲಿ ತೆಗೆದುಬಿಡಿ, ಈ ದುಬಾರಿ ಗಾಜು ಕಿಲೋಗಿಂತ ಭಾರದ ಕೊರಳುರುಳು, ಅಷ್ಟೇ. ಮುಕ್ಕಾಲಿಯ ಮೇಲೆ ಎಂಟರದ್ದನ್ನು ಕೂರಿಸಿದರೂ ಕೈಯಲ್ಲಿ ಹಿಡಿದ ಹನ್ನೆರಡರದ್ದಕ್ಕಿಂತ ಹೆಚ್ಚು ಕಾಣುತ್ತದೆ. ಇದನ್ನು ನೀವೇ ಪರೀಕ್ಷಿಸಿ, ನನ್ನ ಮಾತು ನಂಬಬೇಡಿ.

ಇನ್ನೊಂದು ಮಿತಿಯೂ ಇದೆ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿ ದೃಶ್ಯವನ್ನು ಕುದಿಯುವ ನೀರಿನಂತೆ ಕದಡುತ್ತದೆ. ಆಗ ಹದಿನೈದರ ಗಾಜು ಕದಡಿದ್ದನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ಮಾರ್ಚ್ ಮಧ್ಯಾಹ್ನದಲ್ಲಿ ಬಯಲಿನ ಹುಲ್ಲುಗಾವಲಿಗೆ ಹೋದವರಿಗೆ ಇದನ್ನು ವಿವರಿಸಬೇಕಿಲ್ಲ.

ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಕೆಂಪು ಜಿಂಕೆಯ ಬೇಟೆಗೆ ದಾರಿ ತೋರಿಸುವವರು ಬಹುಕಾಲ ದುರ್ಬೀನಿಗೆ ಮನಸ್ಸು ಮಾಡಲೇ ಇಲ್ಲ. ಒಂದೇ ಕಣ್ಣಿನ, ಎಳೆದು ಉದ್ದ ಮಾಡುವ ಹಿತ್ತಾಳೆಯ ದೂರದರ್ಶಕವನ್ನು, ಅಂಗಾತ ಒರಗಿ, ಮಂಡಿಗೆ ಇಲ್ಲವೇ ಊರುಗೋಲಿಗೆ ಆನಿಸಿ ನೋಡುತ್ತಿದ್ದರು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಹೊತ್ತಿಗೆ, 1900ರಲ್ಲಿ, ಲಾರ್ಡ್ ಲೊವಾಟ್ ಇಂಥವರನ್ನೇ ಸೇರಿಸಿ ಲೊವಾಟ್ ಸ್ಕೌಟ್ಸ್ ಎಂಬ ಪಡೆ ಕಟ್ಟಿದರು. ಜಿಂಕೆ ಹುಡುಕಿ ಪಳಗಿದ ಕಣ್ಣು ಶತ್ರುವನ್ನೂ ಹುಡುಕೀತು ಎಂಬ ಲೆಕ್ಕಾಚಾರ. ಅಂಗಾತ ಒರಗುವ ಆ ಭಂಗಿಯನ್ನು ನಾನು ಪ್ರಯತ್ನಿಸಿದ್ದೇನೆ, ನಿದ್ದೆ ಬಂತು.

ಈಗ ಬೆಳಕಿನ ವಿಷಯ. ಇದನ್ನು ಹೇಳದೆ ವರ್ಧನೆಯ ಮಾತು ಅರ್ಧವೇ. ಈ 8×42 ತೆಗೆದುಕೊಂಡು, ಕಣ್ಣಿಗೆ ಇಡದೆ, ತೋಳಿನಷ್ಟು ದೂರದಲ್ಲಿ ಕಿಟಕಿಯ ಕಡೆ ಹಿಡಿದು ನೋಡಿ. ಕಣ್ಣಿಡುವ ಗಾಜಿನಲ್ಲಿ ಬೆಳಕಿನ ಒಂದು ಪುಟ್ಟ ದುಂಡು ತೇಲುತ್ತಿದೆ, ಕಂಡಿತೇ? ದುರ್ಬೀನು ನಿಮ್ಮ ಕಣ್ಣಿಗೆ ಕೊಡುವ ಬೆಳಕಿನ ಕಂಬಿಯ ದಪ್ಪ ಅದು. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಅದರ ಅಳತೆ ಸಿಗುತ್ತದೆ. 42ನ್ನು 8ರಿಂದ ಭಾಗಿಸಿದರೆ 5.25 ಮಿಲಿಮೀಟರ್. 10×42ಕ್ಕೆ 4.2. ಆ 8×56ಕ್ಕೆ ಪೂರಾ 7.

ನಡುಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರ್‌ಗೆ ಕುಗ್ಗಿರುತ್ತದೆ, ಆಗ ಈ ಮೂರರ ನಡುವೆ ಬೆಳಕಿನಲ್ಲಿ ಭೇದ ಕಾಣುವುದಿಲ್ಲ. ಕತ್ತಲಾಗುತ್ತಾ ಬಂದಂತೆ ಪಾಪೆ ಹಿಗ್ಗುತ್ತದೆ. ಜರ್ಮನಿಯ ಬೇಟೆಗಾರರು 8×56ನ್ನು ಕಟ್ಟಿಕೊಂಡು ತಿರುಗುವುದು ಇದಕ್ಕಾಗಿಯೇ. ಅಲ್ಲಿ ಬೇಟೆಯೆಂದರೆ ಹೊಲದ ಅಂಚಿನ ಅಟ್ಟಣೆಯ ಮೇಲೆ ಮುಸ್ಸಂಜೆಯಿಂದ ಕಾಯುವುದು. ಸೂರ್ಯಾಸ್ತದ ಒಂದೂವರೆ ಗಂಟೆಯ ನಂತರ ಜಿಂಕೆಗಳನ್ನು ಹೊಡೆಯುವಂತಿಲ್ಲ, ಕಾಡುಹಂದಿಗೆ ಮಾತ್ರ ರಾತ್ರಿಯೂ ಅವಕಾಶ. ಹಾಗಾಗಿ ಹುಣ್ಣಿಮೆಯ ರಾತ್ರಿ ಹಿಮದ ಮೇಲೆ ಕಪ್ಪು ಉಂಡೆಗಳು ನಡೆದಾಡುವಾಗ, ಅದರಲ್ಲಿ ಮರಿಗಳ ತಾಯಿ ಯಾವುದು ಎಂದು ಬಿಡಿಸಿ ನೋಡಬೇಕು. ಅಲ್ಲಿ ಹತ್ತು ಪಟ್ಟಿಗಿಂತ ಏಳು ಮಿಲಿಮೀಟರ್ ಬೆಳಕಿಗೆ ಬೆಲೆ. ಉಷ್ಣ ಗುರುತಿಸುವ ಉಪಕರಣಗಳು ಬಂದ ಮೇಲೆ ಈ ಗಾಜಿನ ಗತ್ತು ಸ್ವಲ್ಪ ಇಳಿದಿದೆ, ಆ ಮಾತು ಬೇರೆ.

ಆದರೆ ಒಂದು ತೊಡಕಿದೆ. ಕತ್ತಲಲ್ಲಿ ಏಳು ಮಿಲಿಮೀಟರ್‌ವರೆಗೆ ಹಿಗ್ಗುವುದು ಇಪ್ಪತ್ತರ ಹುಡುಗನ ಪಾಪೆ. ವಯಸ್ಸಾದಂತೆ ಅದು ಬಿಗಿಯುತ್ತದೆ. ನನ್ನದನ್ನು ಕಣ್ಣಿನ ವೈದ್ಯರಿಂದ ಅಳೆಸಿದೆ, ಐದು ಮಿಲಿಮೀಟರ್ ಕೂಡ ತುಂಬಲಿಲ್ಲ. ಅಂದರೆ ಈ 8×56ರ ಬೆಳಕಿನಲ್ಲಿ ಅರ್ಧದಷ್ಟು ನನ್ನ ಕಣ್ಣಿನ ಹೊರಗೇ ಚೆಲ್ಲಿಹೋಗುತ್ತದೆ, ಕೊಡದಿಂದ ಕಿರುಬಾಯಿಯ ಗಿಂಡಿಗೆ ಸುರಿದ ಹಾಗೆ. ಕಿಲೋಗಿಂತ ಹೆಚ್ಚು ತೂಕ ಹೊತ್ತದ್ದು ಮಾತ್ರ ಲಾಭ. ಅಂಗಡಿಯಲ್ಲಿ ಯಾರೂ ನಿಮ್ಮ ವಯಸ್ಸು ಕೇಳುವುದಿಲ್ಲ, ಕೇಳಬೇಕಿತ್ತು.

ಗಾಜಿನ ಗುಣಮಟ್ಟವೂ ಬೆಳಕೇ. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯೂ ಬಿದ್ದ ಬೆಳಕಿನ ಶೇಕಡ 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಹತ್ತು ಮೇಲ್ಮೈ ದಾಟುವಷ್ಟರಲ್ಲಿ ಮೂರನೇ ಒಂದು ಪಾಲು ಹೋಯಿತು. 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲಾ ಪ್ರತಿಫಲನ ತಡೆಯುವ ತೆಳುಲೇಪನ ಕಂಡುಹಿಡಿದ ಮೇಲೆ ಈ ಸೋರಿಕೆ ಬಹಳ ಮಟ್ಟಿಗೆ ತಗ್ಗಿತು. ಒಳ್ಳೆಯ ಲೇಪನದ 8×42, ಕಳಪೆ 8×56ಕ್ಕಿಂತ ಮುಸ್ಸಂಜೆಯಲ್ಲಿ ಹೆಚ್ಚು ತೋರಿಸುವುದು ಹೀಗೆ. ಮಾಣಿಕ್ಯದಂತೆ ಕೆಂಪಗೆ ಹೊಳೆಯುವ ಮಸೂರಗಳು ಅಗ್ಗದ ದುರ್ಬೀನುಗಳಲ್ಲಿ ಬರುತ್ತವಲ್ಲ, ಅವು ಕೆಂಪು ಬೆಳಕನ್ನು ಹೊರಗೆಸೆದು ಲೋಕವನ್ನೆಲ್ಲ ಹಸಿರು ಮಾಡಿ ತೋರಿಸುತ್ತವೆ. ಕೆಂದಳಿಲನ್ನು ನೋಡಲು ಹೊರಟವರಿಗೆ ಅದಕ್ಕಿಂತ ದೊಡ್ಡ ದ್ರೋಹವಿಲ್ಲ.

ಅಗ್ಗದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಊರಿಗೆ ಮರಳಿದ ಮೇಲೆ ನನ್ನ ಅಣ್ಣನ ಮಗ ಹೆಮ್ಮೆಯಿಂದ ‘30×60’ ಎಂದು ಬರೆದ ಒಂದು ಗಾಜು ತಂದು ತೋರಿಸಿದ. ಅಂಗೈಯಲ್ಲಿ ಮುಚ್ಚಿಡುವಷ್ಟು ಪುಟ್ಟದು. ಅವನ ಶಾಲೆಯ ಅಳತೆಪಟ್ಟಿಯನ್ನೇ ತೆಗೆದು ಮುಂದಿನ ಮಸೂರಕ್ಕೆ ಹಿಡಿದೆವು. ಇಪ್ಪತ್ತೆರಡು ಮಿಲಿಮೀಟರ್! ಎರಡನೆಯ ಅಂಕಿ ಸುಳ್ಳಾದರೆ ಮೊದಲನೆಯದೂ ಸುಳ್ಳೇ, ಅದು ಸುಮಾರು ಎಂಟು ಪಟ್ಟಿನದು. ಕೊಳ್ಳುವ ಮೊದಲು ಅಳತೆಪಟ್ಟಿ ಒಯ್ಯಿರಿ. ವರ್ಧನೆಯನ್ನು ಹಿಗ್ಗಿಸಿ ಕುಗ್ಗಿಸುವ ಜೂಮ್ ದುರ್ಬೀನುಗಳ ಹತ್ತಿರವೂ ಸುಳಿಯಬೇಡಿ. ನೋಟ ಕೊಳವೆಯಂತೆ ಕಿರಿದು, ಎರಡು ಕಣ್ಣಿನ ಚಿತ್ರಗಳು ಒಂದಕ್ಕೊಂದು ಸರಿಹೊಂದುವುದೇ ಅಪರೂಪ.

ಕನ್ನಡಕದವರು ಇಲ್ಲಿ ಹಲವರಿದ್ದೀರಿ. ನಿಮಗೆ ವರ್ಧನೆಗಿಂತ ಮೊದಲು ನೋಡಬೇಕಾದದ್ದು ಕಣ್ಣನ್ನು ಗಾಜಿನಿಂದ ಎಷ್ಟು ದೂರ ಇಟ್ಟರೂ ಪೂರ್ತಿ ದೃಶ್ಯ ಕಾಣುತ್ತದೆ ಎಂಬ ಅಳತೆ. ಹದಿನಾರು ಹದಿನೇಳು ಮಿಲಿಮೀಟರ್ ಇರಲಿ. ಕಡಿಮೆಯಾದರೆ ಹಣ ಕೊಟ್ಟ ಅಗಲದಲ್ಲಿ ಅರ್ಧ ಕಪ್ಪು ಉಂಗುರವಾಗಿ ಕಾಣುತ್ತದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ.

ಕೊಡಗಿನಿಂದ ಬಂದಿದ್ದ ಹಿರಿಯರೊಬ್ಬರು, ‘ನಮ್ಮಲ್ಲಿ ಕೈಲ್‌ಪೊದ್ ಹಬ್ಬಕ್ಕೆ ಈಗಲೂ ಕೋವಿಗೆ ಪೂಜೆ ಮಾಡುತ್ತೇವೆ. ಬೇಟೆ ಹೋಯಿತು, ತೆಂಗಿನಕಾಯಿಗೆ ಗುರಿಯಿಡುವುದು ಉಳಿಯಿತು. ನಮ್ಮ ಅಜ್ಜಂದಿರು ದುರ್ಬೀನು ಇಲ್ಲದೆಯೇ ಕಾಡಿಗೆ ಹೋಗುತ್ತಿದ್ದರಲ್ಲ?’ ಎಂದು ಕೇಳಿದರು. ನಿಜ. ಆ ಕಾಡು ಹಾಗಿತ್ತು, ಈಗಲೂ ಹಾಗೆಯೇ ಇದೆ. ದಟ್ಟ ಕಾಡಿನಲ್ಲಿ ಮೂವತ್ತು ಮೀಟರ್ ಆಚೆಗೆ ಕಣ್ಣು ಹಾಯುವುದಿಲ್ಲ. ಅಷ್ಟು ಹತ್ತಿರದಲ್ಲಿ ಎಂಟರ ಗಾಜು ನಾಲ್ಕು ಮೀಟರ್ ಅಗಲ ತೋರಿಸುತ್ತದೆ, ಹದಿನೈದರದ್ದು ಎರಡೂವರೆ ಮೀಟರ್ ಕೂಡ ಇಲ್ಲ. ಆನೆ ಎದುರಿದ್ದರೆ ಚರ್ಮದ ಸುಕ್ಕು ಮಾತ್ರ ಕಾಣುತ್ತದೆ. ಮಲೆನಾಡಿಗೂ ಕೊಡಗಿಗೂ ಎಂಟೇ ಸರಿ, 8×32 ಇನ್ನೂ ಹಗುರ. ಕಬಿನಿಯ ಹಿನ್ನೀರಿನ ಬಯಲಿಗೆ, ದೂರದ ನೀರುಹಕ್ಕಿಗಳಿಗೆ ಹತ್ತು ಇರಲಿ. ಮಳೆಗಾಲದಲ್ಲಿ ಯಾವುದನ್ನೂ ಚರ್ಮದ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ, ಬೂಷ್ಟು ಒಳಗಿನ ಗಾಜನ್ನು ತಿನ್ನುತ್ತದೆ. ಬಿಗಿಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಪೊಟ್ಟಣ ಇದ್ದರೆ ಸಾಕು.

ಎರಡನೆಯದನ್ನು ಕೇಳಿದ್ದು ಒಬ್ಬ ಕಾಲೇಜು ಹುಡುಗಿ. ‘ದುರ್ಬೀನಿನಲ್ಲಿ ನೋಡಿದರೆ ನನಗೆ ತಲೆನೋವು ಬರುತ್ತದೆ, ವರ್ಧನೆ ಹೆಚ್ಚಾಯಿತೇ?’ ಅವಳ ಗಾಜನ್ನು ಇಸಿದುಕೊಂಡು ನೋಡಿದೆ. ಬಲಗಣ್ಣಿನ ಉಂಗುರ ಒಂದು ತುದಿಗೆ ತಿರುಗಿತ್ತು. ಆ ಉಂಗುರ ಎರಡು ಕಣ್ಣುಗಳ ವ್ಯತ್ಯಾಸ ಸರಿದೂಗಿಸುವುದಕ್ಕೆ. ಬಲಗಡೆಯ ಮಸೂರವನ್ನು ಕೈಯಿಂದ ಮುಚ್ಚಿ, ಎಡಗಣ್ಣಿನಿಂದ ದೂರದ ಬರಹವೊಂದನ್ನು ನಡುವಿನ ತಿರುಗುಣಿಯಲ್ಲಿ ಸ್ಪಷ್ಟ ಮಾಡಿಕೊಳ್ಳಬೇಕು. ಆಮೇಲೆ ಎಡಗಡೆ ಮುಚ್ಚಿ, ನಡುವಿನ ತಿರುಗುಣಿ ಮುಟ್ಟದೆ, ಬಲಗಣ್ಣಿಗೆ ಉಂಗುರವನ್ನು ಮಾತ್ರ ತಿರುಗಿಸಬೇಕು. ಅವಳು ಎದುರಿನ ಕಟ್ಟಡದ ನಾಮಫಲಕ ನೋಡಿ ಹಾಗೆಯೇ ಮಾಡಿದಳು. ಎರಡು ವರ್ಷದಿಂದ ಮಸುಕಾಗಿದ್ದ ಗಾಜು ಎರಡು ನಿಮಿಷದಲ್ಲಿ ಸರಿಹೋಯಿತು. ಅವಳದು 8×42, ವರ್ಧನೆಯ ತಪ್ಪೇನೂ ಇರಲಿಲ್ಲ.

ಆಗ ಆರೂಕಾಲು. ಕಿಟಕಿಯಾಚೆ ಮಳೆಮರದ ತುದಿಗೆ ಹದ್ದುಗಳು ಇಳಿಯತೊಡಗಿದ್ದವು, ಬೆಳಕು ಇನ್ನು ಕಾಲು ಗಂಟೆ ಇದ್ದೀತು. ಎಲ್ಲರನ್ನೂ ಹೊರಗೆ ಕರೆದೆ. ಒಂದೇ ಕೊಂಬೆ, ಮೊದಲು ಹತ್ತರದ್ದರಲ್ಲಿ, ಆಮೇಲೆ ಎಂಟರದ್ದರಲ್ಲಿ, ಐದೈದು ನಿಮಿಷಕ್ಕೊಮ್ಮೆ, ಎಲೆ ಎಲೆಯಾಗಿ ಕಾಣುವುದು ಯಾವುದರಲ್ಲಿ ಮೊದಲು ನಿಲ್ಲುತ್ತದೆ ಎಂದು ಬರೆದುಕೊಳ್ಳಲು ಹೇಳಿದೆ. ಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳದೆ ಯಾರೂ ಗಾಜು ಮುಟ್ಟಬಾರದು ಎಂದು ಎರಡು ಸಲ ಕೂಗಿ ಹೇಳಿದ್ದೂ ನೆನಪಿದೆ.